ಹಾಲು ಕರೆಯುವ ಹೊತ್ತಿನ ಆಟ

ವಕ್ಕಲೇರಿಯ ಫುಟ್‌ಬಾಲ್ ತಂಡಕ್ಕೆ ಮುನಿಯಲ್ಲಮ್ಮನಿಗಿಂತ ನಿಷ್ಠೆಯ ಅಭಿಮಾನಿ ಇರಲಿಲ್ಲ. ಆದರೂ ಆ ತಂಡ ಎದುರಾಳಿಗೆ ಒಂದೇ ಒಂದು ಗೋಲು ಬಿಟ್ಟುಕೊಟ್ಟದ್ದನ್ನು ಆಕೆ ಕಣ್ಣಾರೆ ಕಂಡವಳಲ್ಲ. ತಂಡ ಸೋಲದ ತಂಡವೇನೂ ಆಗಿರಲಿಲ್ಲ. ವರ್ಷಗಳಿಂದ ಸೋಲುತ್ತಲೇ ಬಂದಿತ್ತು. ಆದರೆ ಸೋಲೆಲ್ಲ ಆಗುತ್ತಿದ್ದುದು ವಿರಾಮದ ನಂತರ, ಮತ್ತು ವಿರಾಮದ ಸೀಟಿ ಕೇಳಿದ ಕೂಡಲೇ ಮುನಿಯಲ್ಲಮ್ಮ ಸೆರಗು ಕೊಡವಿಕೊಂಡು ಮನೆಗೆ ಹೊರಡುತ್ತಿದ್ದಳು. ಹಸು ಕರೆಯುವ ಹೊತ್ತು ಅದು.

ಆಕೆಗೆ ಆಟದ ಹುಚ್ಚು ಹಿಡಿದದ್ದು ಹಿಪ್ಪುನೇರಳೆ ಸೊಪ್ಪಿನ ದೆಸೆಯಿಂದ. ತೋಟದಿಂದ ಮನೆಗೆ ಬರುವ ದಾರಿ ಆಟದ ಬಯಲನ್ನು ಹಾದು ಹೋಗುತ್ತಿತ್ತು. ಒಂದು ಸಂಜೆ ತಲೆಯ ಮೇಲಿನ ಸೊಪ್ಪಿನ ಮಂಕರಿಗೆ ಚೆಂಡು ಬಂದು ಬಡಿದು, ಸೊಪ್ಪೆಲ್ಲ ಚೆಲ್ಲಿ, ಹುಡುಗರು ಆಟ ಬಿಟ್ಟು ಓಡಿಬಂದು ಆಯ್ದುಕೊಟ್ಟರು. ಬೈಯಲೆಂದು ನಿಂತವಳು ಅವರು ಮತ್ತೆ ಆಡತೊಡಗಿದ್ದನ್ನು ನೋಡುತ್ತಾ ನಿಂತೇಬಿಟ್ಟಳು. ಅಂದಿನಿಂದ ಪಂದ್ಯವಿದ್ದ ದಿನ ಬಯಲಂಚಿನ ಹೊಂಗೆಮರದ ಬುಡದ ಕಲ್ಲು ಆಕೆಯದು. ಆಟಗಾರರನ್ನು ಮುಖಕ್ಕಿಂತ ಮೊದಲು ಓಟದಿಂದ ಗುರುತಿಸುತ್ತಿದ್ದಳು. ರೆಫರಿಯನ್ನು ಸೀಟಿಯಪ್ಪ ಎನ್ನುತ್ತಿದ್ದಳು. ಕ್ರಮೇಣ ಊರೇ ಹಾಗೆ ಕರೆಯತೊಡಗಿತು.

ದ್ವಿತೀಯಾರ್ಧದ ಕತೆ ಆಕೆಗೆ ಗೊತ್ತಾಗುತ್ತಿದ್ದುದು ಮರುದಿನ ಬೆಳಿಗ್ಗೆ, ಹಾಲಿನ ಸಂಘದ ಸರದಿಯಲ್ಲಿ. ಸಂಘದ ಕಾರ್ಯದರ್ಶಿ ಕೋದಂಡರಾಮಪ್ಪ ಹಾಲು ಅಳೆಯುತ್ತಲೇ ತಲೆಯಲ್ಲಾಡಿಸುತ್ತಿದ್ದ.

“ಹೋಯ್ತು ಕಣಮ್ಮ. ಮೂರು ಹೊಡೆದ್ರು.”

“ಅದೆಂಗಾಯ್ತದೆ? ನಾನ್ ಎದ್ದಾಗ ನಮ್ಮದು ಒಂದು ಮುಂದಿತ್ತಲ್ಲ!”

“ನೀನ್ ಎದ್ದಾಗ ಯಾವಾಗ್ಲೂ ಮುಂದೇ ಇರ್ತದೆ, ತಾಯಿ.”

ಗಂಡ ದೊಡ್ಡವೆಂಕಟಪ್ಪ ಒಮ್ಮೆ ಕನಿಕರಪಟ್ಟು, “ಈವತ್ತು ನಾನೇ ಕರೀತೀನಿ, ನೀನು ಕೊನೇವರ್ಗೂ ನೋಡ್ಕಂಡ್ ಬಾ” ಎಂದಿದ್ದ. ಕೆಂದಿ ಎಂಬ ಆ ಹಸುವನ್ನು ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಯ ಸಂತೆಯಲ್ಲಿ ಕೊಂಡದ್ದು. ಅದಕ್ಕೆ ಮುನಿಯಲ್ಲಮ್ಮನ ಕೈಯೇ ಬೇಕು, ಆಕೆ ಗುನುಗುವ ತೆಲುಗೇ ಬೇಕು. ದೊಡ್ಡವೆಂಕಟಪ್ಪ ಕೂತ. ಕೆಂದಿ ಒದೆಯಿತು. ಆತ ಮೂರು ದಿನ ಕುಂಟಿಕೊಂಡು ಓಡಾಡಿ, “ನಿಮ್ಮ ಟೀಮಿಗೆ ಇದನ್ನೇ ಸೇರಿಸ್ಕಳ್ಳಿ, ಎಂಥಾ ಒದೆ!” ಎಂದು ಊರಿಗೆಲ್ಲ ಹೇಳಿದ. ಮುನಿಯಲ್ಲಮ್ಮನ ಆಸೆ ಅಲ್ಲಿಗೇ ನಿಂತಿತು. ದೊಡ್ಡ ಆಸೆಯೇನಲ್ಲ: ತನ್ನ ತಂಡ ಗೆಲ್ಲುವುದನ್ನು, ಕೊನೆಯ ಸೀಟಿಯವರೆಗೂ ಕೂತು, ಒಂದು ಸಲ ನೋಡಬೇಕು.

ಸೋಲಿಗೆ ಊರು ಕಾರಣಗಳನ್ನು ಹುಡುಕಿ ಸುಸ್ತಾಗಿತ್ತು. ಚೆಂಡು ಬದಲಾಯಿತು, ನಾಯಕ ಬದಲಾದ. ಬಯಲು ಕೆರೆಯ ಕಡೆಗೆ ಇಳಿಜಾರಾಗಿದೆಯೆಂದು ಮಣ್ಣು ಹೊಡೆಸಿದ್ದೂ ಆಯಿತು. ಮ್ಯಾನೇಜರುಗಳಂತೂ ಬಂದು ಹೋಗುತ್ತಲೇ ಇದ್ದರು. ಹೀಗಿರುವಾಗ ಎಂಬತ್ತಮೂರರ ಬೇಸಿಗೆಯಲ್ಲಿ, ಚಿನ್ನದ ಗಣಿಯಿಂದ ನಿವೃತ್ತನಾಗಿ ಮಗಳ ಮನೆಗೆಂದು ವಕ್ಕಲೇರಿಗೆ ಬಂದ ಕದಿರೇಶನನ್ನು ತಂಡದವರು ಹಿಡಿದು ಮ್ಯಾನೇಜರ್ ಮಾಡಿದರು. ಆತ ಗಣಿಯ ಕಾಲೊನಿಯಲ್ಲಿ ಚೆಂಡಿನ ಜೊತೆಗೇ ಬೆಳೆದವನೆಂಬ ಸುದ್ದಿ ಒಂದೇ ಬೆಳಿಗ್ಗೆಯಲ್ಲಿ ಹಾಲಿನ ಸರದಿಯ ಈ ತುದಿಯಿಂದ ಆ ತುದಿಗೆ ಹೋಗಿ ಮರಳುವಷ್ಟರಲ್ಲಿ ಬಣ್ಣ ಕಟ್ಟಿಕೊಂಡು ಬಂತು.

“ಎಲ್ಲರಿಗೂ ಬೂಟು ಹಾಕಿಸ್ತಾರಂತೆ.”

“ಅವರತ್ರ ಒಂದು ಗುಟ್ಟಿನ ಪಟ್ಟು ಐತಂತೆ ಕಣೇ. ಎದುರಿನೋರ್ಗೆ ಚೆಂಡೇ ಕಾಣಿಸಲ್ವಂತೆ.”

“ನಮ್ಮೋರ್ಗೆ ಕಾಣಿಸ್ತದಾ, ಅದ್ ಹೇಳು ಮೊದ್ಲು” ಎಂದಳು ಚಿಕ್ಕಗಂಗಮ್ಮ. ಆಕೆ ಮುನಿಯಲ್ಲಮ್ಮನ ಪಕ್ಕದ ಮನೆಯವಳು. ತಂಡದ ನಾಯಕ ಗಂಗುಲಪ್ಪನ ತಾಯಿ. ಮಗನ ಆಟದ ಬಗ್ಗೆ ಆಕೆಗೆ ಭ್ರಮೆಗಳಿರಲಿಲ್ಲ.

ಮುನಿಯಲ್ಲಮ್ಮ ಅಂದು ಮಧ್ಯಾಹ್ನ ಒಂದು ಗಡಿಗೆ ಮಜ್ಜಿಗೆ ಕಡೆದು, ಇಂಗು ಕರಿಬೇವು ಹಾಕಿ, ಹೊಸ ಮ್ಯಾನೇಜರಿಗೆಂದು ಬಯಲಿಗೆ ಹೊತ್ತಳು. ಕದಿರೇಶ ಎತ್ತರದ, ಒಣಕಲು ಮೈಯ ಮನುಷ್ಯ. ಗಣಿಯೊಳಗೆ ಬಗ್ಗಿ ನಡೆದು ರೂಢಿಯಾದ ಬೆನ್ನು. ಭಾಷಣ ಮಾಡಲಿಲ್ಲ, ಪಟ್ಟು ತೋರಿಸಲಿಲ್ಲ. ಹುಡುಗರನ್ನು ಎರಡು ಪಾಲು ಮಾಡಿ, “ಆಡಿ, ನೋಡ್ತೀನಿ” ಎಂದ. ಮಜ್ಜಿಗೆ ಕುಡಿಯುತ್ತಾ ನೋಡಿದ. ಆಟ ಚೆನ್ನಾಗಿಯೇ ಇತ್ತು. ಆತನ ಹುಬ್ಬು ಏರಿದ್ದನ್ನು ಕಂಡು ಮುನಿಯಲ್ಲಮ್ಮನಿಗೆ ಹೆಮ್ಮೆಯಾಯಿತು.

ವಿರಾಮದ ಸೀಟಿಯಾಯಿತು. ಮುನಿಯಲ್ಲಮ್ಮ ಖಾಲಿ ಗಡಿಗೆ ಎತ್ತಿಕೊಂಡಳು.

“ಎಲ್ಲಿ ಹೊರಟ್ರಿ ಅಮ್ಮ? ಇನ್ನೂ ಅರ್ಧ ಆಟ ಐತೆ.”

“ಹಾಲು ಕರೀಬೇಕು ಸ್ವಾಮಿ.”

ಕದಿರೇಶ ಸರಿ ಎಂದು ತಲೆಯಾಡಿಸಿ ತಿರುಗಿದ. ಬಲಬದಿಯ ರಕ್ಷಣೆಯ ಹುಡುಗ ಅಂಗಿ ಹಾಕಿಕೊಳ್ಳುತ್ತಿದ್ದ.

“ನೀನೆಲ್ಲಿಗೆ?”

“ಹಾಲು ಕರಿಯಾಕೆ ಸಾರ್. ಮುನಿರಾಮಪ್ಪನ್ನ ಹಾಕ್ಕಳ್ಳಿ, ಅವ್ರ ಮನೇಲಿ ಹಸು ಬತ್ತಿದೆ.”

ಎಡಬದಿಯವನು ಆಗಲೇ ಬೇಲಿ ದಾಟಿದ್ದ. ಗೋಲ್‌ಕೀಪರ್ ಆವಲಪ್ಪ ಉಳಿದಿದ್ದ, ಆದರೆ ಕಣ್ಣು ಕೋಲಾರದ ರಸ್ತೆಯ ಮೇಲಿತ್ತು. ತಂಗಿ ಕರೆದಿಟ್ಟ ಹಾಲನ್ನು ಡೇರಿಯ ವ್ಯಾನು ಬರುವುದರೊಳಗೆ ಸಂಘಕ್ಕೆ ಮುಟ್ಟಿಸುವುದು ಆತನ ಪಾಲಿನ ಕೆಲಸ. ವ್ಯಾನಿನ ಹಾರನ್ನು ತಿರುವಿನಲ್ಲಿ ಕೇಳಿಸಿತೋ ಇಲ್ಲವೋ, ಆತ ಗೋಲು ಬಿಟ್ಟು ಓಡಿದ. ಮುನಿಯಲ್ಲಮ್ಮ ಬೇಲಿಯ ಬಳಿ ನಿಂತು ಹಿಂದಿರುಗಿ ನೋಡಿದಾಗ, ಹೊಸ ಮ್ಯಾನೇಜರ್ ಬಯಲಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದ.

“ಅಮ್ಮ, ಈ ಊರಲ್ಲಿ ಹಾಲಿನ ಸಂಘ ಯಾವಾಗ ಆಯ್ತು?” ಎಂದು ಕೂಗಿದ.

ಆಕೆ ಹೇಳಿದಳು. ತಂಡ ಸೋಲತೊಡಗಿದ್ದೂ ಅದೇ ವರ್ಷವೆಂಬುದು ಹೇಳುತ್ತಿರುವಾಗಲೇ ಆಕೆಗೆ ಹೊಳೆಯಿತು. ಇಡೀ ಊರು ಕಣ್ಣೆದುರಿಗೇ ಇದ್ದುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಂಜೆಯಾದರೆ ಹಾಲು ಕರೆಯಬೇಕು, ಕರೆಯಲು ಹೋಗುವುದೆಂದರೆ ಆಟ ಬಿಟ್ಟು ಹೋದಂತೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಆ ನಂತರದ ದಿನಗಳಲ್ಲಿ ಹೊಸ ಮ್ಯಾನೇಜರ್ ಬಯಲಿಗಿಂತ ಹೆಚ್ಚಾಗಿ ಕೊಟ್ಟಿಗೆಗಳಲ್ಲಿ ಕಾಣಿಸಿಕೊಂಡ. ಮಾಲೂರಿನ ಹೆಂಚಿನ ಕಾರ್ಖಾನೆಯ ತಂಡದ ಮೇಲಿನ ಪಂದ್ಯ ಹತ್ತಿರದಲ್ಲಿತ್ತು. ಅವರು ಪಾಳಿ ಮುಗಿಸಿ ಲಾರಿಯಲ್ಲಿ ಬರಬೇಕು. ಪಂದ್ಯ ಬೇಗ ಶುರುವಾಗುವಂತಿರಲಿಲ್ಲ. ಡೇರಿಯ ವ್ಯಾನು ತಡವಾಗಿ ಬರುವಂತಿರಲಿಲ್ಲ. ಉಳಿದದ್ದು ಹಸು. ಗಣಿಯಲ್ಲಿ ಪಾಳಿ ಬದಲಾದರೆ ಮನುಷ್ಯನ ನಿದ್ದೆ ಹಸಿವುಗಳೆರಡೂ ನಿಧಾನವಾಗಿ ಹೊಂದಿಕೊಳ್ಳುತ್ತವೆ, ಹಸುವಿಗೇಕೆ ಆಗಬಾರದು ಎಂಬುದು ಕದಿರೇಶನ ವಾದ. ದಿನವೂ ಸ್ವಲ್ಪ ಸ್ವಲ್ಪ ಮುಂಚೆ ಕರೆಯುತ್ತಾ ಬಂದರೆ ಪಂದ್ಯದ ಹೊತ್ತಿಗೆ ಆಟಕ್ಕೆ ಮೊದಲೇ ಹಾಲು ಸಂಘ ಸೇರಿರುತ್ತದೆ.

“ಬಿಸಿಲಿಗೆ ಹಾಲು ಒಡೆದುಹೋಗ್ತದಲ್ಲಪ್ಪ!” ಎಂದು ಕೋದಂಡರಾಮಪ್ಪ ಎದೆ ಹಿಡಿದುಕೊಂಡ.

“ಬಾವಿ ನೀರು ತುಂಬಿ, ಕ್ಯಾನು ತೊಟ್ಟೀಲಿ ಮುಳುಗಿಸಿ, ಮೇಲೆ ಒದ್ದೆ ಗೋಣಿ ಹಾಕಿ. ನೀವೂ ಆಟ ನೋಡ್ಬೋದು.”

ಕೊನೆಯ ಮಾತು ಕೋದಂಡರಾಮಪ್ಪನನ್ನು ಗೆದ್ದಿತು. ಊರಿನ ಉಳಿದ ಅಭಿಮಾನಿಗಳು ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಬೂಟಿನ ಕನಸು ಕಂಡವರಿಗೆ ಬೂಸಾ, ಹಿಂಡಿಗಳ ಮಾತು ರುಚಿಸಲಿಲ್ಲ. “ಮ್ಯಾನೇಜರ್ನ ಕರೆಸಿದ್ರೋ, ದನದ ಡಾಕ್ಟರ್ನೋ?” ಎಂದು ಅರಳಿಕಟ್ಟೆಯ ಮೇಲೆ ನಗಾಡಿದರು. ಮುನಿಯಲ್ಲಮ್ಮ ಮಾತ್ರ ಆತನ ಪರ ನಿಂತಳು. ಮನೆಮನೆಗೂ ಹೋಗಿ ಹೆಂಗಸರನ್ನು ಒಪ್ಪಿಸಿದಳು. ಯಾವ ಹಸುವಿಗೆ ಹಿಂಡಿ ಮೊದಲು ಇಡಬೇಕು, ಯಾವುದಕ್ಕೆ ಕರು ಬಿಟ್ಟು ತೋರಿಸಬೇಕು ಎಂದು ತಿಳಿಸಿಕೊಟ್ಟಳು. ಒಂದೊಂದಾಗಿ ವಕ್ಕಲೇರಿಯ ಹಸುಗಳು ಹೊಸ ಹೊತ್ತಿಗೆ ಒಗ್ಗಿಕೊಂಡವು.

ಒಗ್ಗದೆ ಉಳಿದದ್ದು ಒಂದೇ. ಮುಂಚೆ ಕೂತರೆ ಕೆಂದಿ ಸೊರ ಬಿಡದು. ಹಾಲನ್ನು ಕೆಚ್ಚಲಿನಲ್ಲೇ ಬಿಗಿಹಿಡಿದು, ಹಿಂಡಿಯನ್ನೆಲ್ಲ ತಿಂದು ಮುಗಿಸಿ, ಗೋಡೆ ನೋಡುತ್ತಾ ನಿಲ್ಲುತ್ತಿತ್ತು. ಬೈದದ್ದಾಯಿತು, ಬೆಲ್ಲ ತಿನ್ನಿಸಿದ್ದಾಯಿತು, ತೆಲುಗಿನಲ್ಲಿ ಬೇಡಿಕೊಂಡದ್ದೂ ಆಯಿತು. ಹಳೆಯ ಹೊತ್ತು ಬಂದ ಮೇಲೆಯೇ ಅದಕ್ಕೆ ಮನಸ್ಸು.

“ಊರಿನ ಹಸುಗೆಲ್ಲ ಪಾಠ ಹೇಳ್ದೋಳು!” ಎಂದು ಚಿಕ್ಕಗಂಗಮ್ಮ ಗೋಡೆಯ ಆಚೆಯಿಂದ ಅಣಕಿಸಿದಳು. “ಇನ್ ನಮಗೆಲ್ಲ ಪೂರ್ತಿ ಆಟ, ನಿನಗೊಬ್ಳಿಗೇ ಅರ್ಧ. ಮಾರ್ನೇ ದಿನ ನಾನೇ ಬಂದ್ ಹೇಳ್ತೀನಿ ಬಿಡು.”

ಮುನಿಯಲ್ಲಮ್ಮ ನಕ್ಕಳು. ಆದರೆ ಒಲೆಯ ಮುಂದೆ ಕೂತಾಗ ಆರಿದ ಬೆಂಕಿಯನ್ನು ಊದುವುದನ್ನೇ ಮರೆತಳು. ದೊಡ್ಡವೆಂಕಟಪ್ಪ ಅದನ್ನು ಗಮನಿಸಿ, ಬೀಡಿ ಆರಿಸಿ, “ಹಸು ಮನೇಲೇ ನಿಂತು ಹಾಲು ಕೊಡಬೇಕು ಅಂತ ಯಾವ ಸರ್ಕಾರ ಹೇಳಿದೆ?” ಎಂದ.

ಪಂದ್ಯದ ದಿನ ಬಯಲಿನ ಅಂಚಿಗೆ ಕಾಲಿಡಲು ಜಾಗವಿರಲಿಲ್ಲ. ಹಾಲು ಹಾಕಿ ಬಂದ ಹೆಂಗಸರು ಖಾಲಿ ಚೊಂಬುಗಳೊಂದಿಗೆ ಸಾಲಾಗಿ ಕೂತಿದ್ದರು. ಮಾಲೂರಿನವರು ಹೆಂಚಿನ ಕೆಂಧೂಳಿ ಮೆತ್ತಿದ ಲಾರಿಯ ಮೇಲೆಯೇ ನಿಂತಿದ್ದರು. ಜನರ ನಡುವೆ ದಾರಿ ಮಾಡಿಕೊಂಡು ದೊಡ್ಡವೆಂಕಟಪ್ಪ ಕೆಂದಿಯ ಹಗ್ಗ ಹಿಡಿದು ಬಂದ; ಹಿಂದೆ ಹಿಂಡಿಯ ಬೋಸಿ, ಹಾಲಿನ ಚೊಂಬುಗಳೊಂದಿಗೆ ಮುನಿಯಲ್ಲಮ್ಮ.

“ಏನಮ್ಮೋ, ಹೊಸ ಗೋಲ್‌ಕೀಪರಾ?” ಎಂದು ಲಾರಿಯ ಮೇಲಿಂದ ಒಬ್ಬ ಕೂಗಿದ.

“ಇವಳನ್ನ ನಿಲ್ಲಿಸಿದ್ರೆ ನಿಮ್ಮೋರು ಹತ್ರಕ್ಕೂ ಬರಾಕಿಲ್ಲ ಕಣಪ್ಪ, ನಮ್ಮ ಯಜಮಾನ್ರನ್ನೇ ಕೇಳು!”

ಬಯಲೆಲ್ಲ ನಕ್ಕಿತು. ಕೆಂದಿಯನ್ನು ಹೊಂಗೆಮರಕ್ಕೆ ಕಟ್ಟಿದರು.

ಮೊದಲರ್ಧ ಆಕೆಗೆ ಪರಿಚಿತವಾದ ಆಟ. ಗಂಗುಲಪ್ಪ ಎಡಗಾಲಲ್ಲಿ ಚೆಂಡನ್ನು ಎಳೆದು ತಂದು ಒಂದು ಗೋಲು ಹೊಡೆದ. ವಿರಾಮದ ಸೀಟಿಯಾದಾಗ ಅಭ್ಯಾಸಬಲದಿಂದ ಎದ್ದೇಬಿಟ್ಟಳು. ಮತ್ತೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಕೆಚ್ಚಲಿಗೆ ನೀರು ಹಾಕಿದಳು. “ದಾ ತಲ್ಲಿ, ದಾ ಮಾ ಅಮ್ಮ” ಎಂದು, ಬಾ ತಾಯಿ ಬಾ ಎಂದು ತೆಲುಗಿನಲ್ಲಿ ಕರೆಯುತ್ತಾ, ಗುನುಗಿದಳು. ಕೆಂದಿ ಸುತ್ತಲಿನ ಜನವನ್ನೊಮ್ಮೆ ನೋಡಿ, ತನ್ನ ಹೊತ್ತಾಯಿತೆಂದು ಒಪ್ಪಿ, ಸೊರ ಬಿಟ್ಟಿತು. ಚೊಂಬಿಗೆ ಬಿದ್ದ ಮೊದಲ ಧಾರೆಯ ಸದ್ದಿಗೆ ಹೆಂಗಸರ ಸಾಲಿನಿಂದ ಚಪ್ಪಾಳೆ ಬಿತ್ತು. ನೊರೆಹಾಲನ್ನು ಗಂಡ ಸಂಘಕ್ಕೆ ಒಯ್ದ.

ಹೀಗೆ ಮುನಿಯಲ್ಲಮ್ಮ ದ್ವಿತೀಯಾರ್ಧ ಕಂಡಳು. ಇದು ಬೇರೆಯೇ ಆಟವೆನಿಸಿತು. ಬೆಳಕು ಓರೆಯಾಗಿತ್ತು, ನೆರಳುಗಳು ಆಟಗಾರರಿಗಿಂತ ಉದ್ದವಾಗಿದ್ದವು, ಹುಡುಗರ ಉಸಿರು ಕಲ್ಲಿನವರೆಗೂ ಕೇಳುತ್ತಿತ್ತು. ತಿರುವಿನಲ್ಲಿ ವ್ಯಾನಿನ ಹಾರನ್ನಾಯಿತು. ಆವಲಪ್ಪನ ತಲೆ ಆ ಕಡೆ ಹೊರಳಿತು. ಕಾಲು ಅಲ್ಲೇ ಇದ್ದರೂ ಆ ಒಂದು ಗಳಿಗೆಯಲ್ಲಿ ಮಾಲೂರಿನವರು ಚೆಂಡನ್ನು ಬಲೆಗೆ ಸೇರಿಸಿದರು.

ಮುನಿಯಲ್ಲಮ್ಮ ಎಂದೂ ಕಾಣದ್ದನ್ನು ಕಂಡಿದ್ದಳು. ನಾನು ಕೂತ ಮೊದಲ ಸಲವೇ ಹೀಗಾಯಿತಲ್ಲ, ನನ್ನ ಕಣ್ಣೇ ತಾಗಿತೋ ಏನೋ ಎನ್ನಿಸಿತು. ತಾನು ಎದ್ದುಹೋದರೆ ತಂಡ ಗೆದ್ದೀತು ಎಂದಾದರೆ ಹೋಗುವುದೇ ಸರಿಯಲ್ಲವೇ? ಗೆಲುವನ್ನು ನೋಡುವ ಆಸೆ ಒಂದು ಕಡೆ, ಗೆಲ್ಲಲಿ ಎಂಬ ಆಸೆ ಇನ್ನೊಂದು ಕಡೆ. ಎರಡನೆಯದೇ ಮೇಲಾಯಿತು. ಎದ್ದು ಹಗ್ಗ ಬಿಚ್ಚತೊಡಗಿದಳು.

“ಎಲ್ಲಿಗ್ ಹೊರಟ್ಯೇ?” ಚಿಕ್ಕಗಂಗಮ್ಮ ಸೆರಗು ಹಿಡಿದಳು.

“ನಾನಿದ್ರೆ ಸೋಲ್ತಾರೆ ಕಣೇ. ನೋಡಿದ್ಯಲ್ಲ, ಬಿಡು.”

“ಅಯ್ಯೋ ನಿನ್ನ! ಇಷ್ಟ್ ವರ್ಷ ನೀನ್ ಇಲ್ದಾಗ್ಲೇ ಸೋತಿದ್ದಲ್ವೇನೇ? ಕೂತ್ಕಳೇ ಸುಮ್ನೆ!”

ಮುನಿಯಲ್ಲಮ್ಮ ಹಗ್ಗವನ್ನು ಮತ್ತೆ ಮರಕ್ಕೆ ಬಿಗಿದಳು. ಕೂತಳು. ಗೆರೆಯ ಬಳಿ ಕದಿರೇಶ ಆವಲಪ್ಪನಿಗೆ, “ಲೇ ಆವಲು, ನಿಮ್ಮ ಹಾಲು ಆಗ್ಲೇ ಸಂಘ ಸೇರಿ ಆಯ್ತು! ಚೆಂಡು ನೋಡಪ್ಪ!” ಎಂದು ಕೂಗುತ್ತಿದ್ದ. ವ್ಯಾನಿನ ಚಾಲಕ ಬೇಲಿಯ ಪಕ್ಕ ಇಂಜಿನು ನಿಲ್ಲಿಸಿ, ತಾನೂ ಇಳಿದು ನಿಂತ.

ಹನ್ನೊಂದು ಮಂದಿಯೂ ಉಳಿದು ಆಡಿದ ದ್ವಿತೀಯಾರ್ಧ ಅದು. ಮಾಲೂರಿನವರಿಗೂ ಅದು ಹೊಸತು. ವಕ್ಕಲೇರಿಯ ಎಡಬಲಗಳು ಖಾಲಿಯಾಗುವುದನ್ನೇ ನೆಚ್ಚಿಕೊಂಡಿದ್ದವರು ಅಲ್ಲಿ ಕಾಲುಗಳಿದ್ದುದನ್ನು ಕಂಡು ತಬ್ಬಿಬ್ಬಾದರು. ಕೊನೆಗೆ ಎಡಬದಿಯ ಹುಡುಗ ಮುಂದಕ್ಕೆ ನುಗ್ಗಿ ಚೆಂಡನ್ನು ಅಡ್ಡಕ್ಕೆ ಎತ್ತಿಕೊಟ್ಟ. ಗಂಗುಲಪ್ಪ ಹಣೆ ಕೊಟ್ಟ. ಚೆಂಡು ಕಂಬಕ್ಕೆ ಬಡಿದು ಒಳಗೆ ಬಿತ್ತು. ಮುನಿಯಲ್ಲಮ್ಮ ಕೂಗಿದಳೋ ಅತ್ತಳೋ ಆಕೆಗೇ ಗೊತ್ತಾಗಲಿಲ್ಲ. ಚಿಕ್ಕಗಂಗಮ್ಮ ಮಾತ್ರ, “ನನ್ ಮಗ! ನನ್ ಮಗ!” ಎಂದು ಕೆಂದಿಯ ಕೊರಳನ್ನೇ ತಬ್ಬಿದ್ದಳು.

ಸೀಟಿಯಪ್ಪ ಉದ್ದಕ್ಕೆ ಊದಿದ. ಜನ ಬಯಲಿಗೆ ನುಗ್ಗಿ ಕದಿರೇಶನನ್ನು ಎತ್ತಿಕೊಂಡರು. ಮುನಿಯಲ್ಲಮ್ಮ ಮಾತ್ರ ಬೇರೊಂದನ್ನು ನೋಡುತ್ತಿದ್ದಳು. ಇಷ್ಟು ಹೊತ್ತು ಭುಜಕ್ಕೆ ಭುಜ ಗುದ್ದಿ, ಒಬ್ಬರನ್ನೊಬ್ಬರು ಮಣ್ಣಿಗೆ ಬೀಳಿಸಿದ ಎರಡೂ ಕಡೆಯ ಹುಡುಗರು ಸಾಲಾಗಿ ಬಂದು ಕೈ ಕುಲುಕುತ್ತಿದ್ದರು. ಗಂಗುಲಪ್ಪ ತಾನು ಸೋಲಿಸಿದ ಗೋಲ್‌ಕೀಪರನ ಹೆಗಲ ಮೇಲೆ ಕೈಹಾಕಿ ಏನೋ ಹೇಳಿ ನಗಿಸುತ್ತಿದ್ದ.

“ಇದೇನಿದು?” ಎಂದು ಆಕೆ ಕೋದಂಡರಾಮಪ್ಪನನ್ನು ಕೇಳಿದಳು.

“ಏನು?”

“ಕೈ ಹಿಡ್ಕಂಡವ್ರೆ.”

“ಆಟ ಮುಗೀತಲ್ಲಮ್ಮ. ಮುಗಿದ್ಮೇಲೆ ಹಂಗೇ ಮಾಡೋದು.”

“ಪ್ರತಿ ಸಲಾನೂ?”

“ಪ್ರತಿ ಸಲಾನೂ. ನಾವು ಸೋತಾಗ್ಲೂ.”

ಇಷ್ಟು ವರ್ಷ ಮರುದಿನದ ಸರದಿಯಲ್ಲಿ ಗೋಲುಗಳನ್ನೆಲ್ಲ ಒಪ್ಪಿಸುತ್ತಿದ್ದ ಮನುಷ್ಯ ಇದನ್ನೊಂದು ಹೇಳಿರಲಿಲ್ಲವಲ್ಲ ಎಂದು ಆಕೆಗೆ ಸೋಜಿಗವಾಯಿತು. ಅಷ್ಟರಲ್ಲಿ ಲಾರಿಯ ಕಡೆ ಹೊರಟಿದ್ದ ಮಾಲೂರಿನ ಗೋಲ್‌ಕೀಪರ್ ಹೊಂಗೆಮರದ ಬಳಿ ನಿಂತು, ಬೆವರು ಒರೆಸಿಕೊಳ್ಳುತ್ತಾ ಕೆಂದಿಯನ್ನೂ ಆಕೆಯನ್ನೂ ನೋಡಿ ನಕ್ಕ. ಮುನಿಯಲ್ಲಮ್ಮ ಕೈಯನ್ನು ಸೀರೆಗೆ ಎರಡೆರಡು ಸಲ ಒರೆಸಿಕೊಂಡು, ನೋಡಿ ಕಲಿತಂತೆಯೇ, ಆತನ ಕಡೆಗೆ ಚಾಚಿದಳು.