ದೀಪಕ್ಕೆ ಉಡಿಸಿದ ಪಂಚೆ

ನಮ್ಮ ಸಂಘದ ನೋಟಿಸ್ ಬೋರ್ಡಿನ ಮುಂದೆ ನೆರೆದಿರುವ ಛಾಯಾಗ್ರಾಹಕ ಮಹಾಜನಗಳೇ, ಮೃದುಬೆಳಕಿನ ಮಹಿಮೆಯನ್ನು ಕುರಿತು ಇಂದು ನನ್ನ ರಾಜಾಜಿನಗರದ ಸ್ಟುಡಿಯೋದಲ್ಲಿ ನಡೆದ ವಾಗ್ವಾದವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಬೆಳಿಗ್ಗೆ ಒಬ್ಬ ತಾಯಿ ಮಗಳನ್ನು ಕರೆತಂದರು. ಗಂಡಿನ ಕಡೆಗೆ ಕಳಿಸಲು ಫೋಟೋ ಬೇಕಿತ್ತು. ನಾನು ಬಿದಿರಿನ ಚೌಕಟ್ಟಿಗೆ ಬಿಳಿ ಪಂಚೆ ಬಿಗಿದು, ಅದನ್ನು ದೊಡ್ಡ ಬಲ್ಬಿನ ಮುಂದೆ ನಿಲ್ಲಿಸಿದ್ದೆ. ಕಂಡೊಡನೆ ತಾಯಿ ಗದರಿದರು.

"ಏನ್ ಸಾರ್, ದೀಪಕ್ಕೆ ಪಂಚೆ ಉಡ್ಸಿದೀರ? ಬೆಳಕು ಕಮ್ಮಿ ಆದ್ರೆ ನನ್ ಮಗಳು ಕಪ್ಪಗೆ ಕಾಣಲ್ವಾ?"

"ಬೆಳಕು ಸೋಸಿದರೆ ಮುಖ ಸೊಗಸು, ಅಮ್ಮಾ" ಎಂದೆ.

"ಪ್ರಾಸ ಬೇಡ ಸಾರ್, ಪ್ರಕಾಶ ಬೇಕು. ಬಿಚ್ರಿ ಅದನ್ನ!"

ನಾನು ಗಂಟಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಮಗಳು ಬಾಯಿಬಿಟ್ಟಳು. "ಇರ್ಲಿ ಬಿಡಮ್ಮ. ಹೋದ್ಸಲ ಬರೀ ಬಲ್ಬಿನ ಬೆಳಕಲ್ಲಿ ಮೂಗಿನ ನೆರಳು ಬಿದ್ದು ಮೀಸೆ ಬಂದಿತ್ತಲ್ಲ. 'ಹುಡುಗಿ ಅಣ್ಣನ ಫೋಟೋ ಯಾಕ್ ಕಳ್ಸಿದೀರಾ' ಅಂತ ಗಂಡಿನ ಮನೆಯೋರು ವಾಪಸ್ ಕಳ್ಸಿದ್ರು!"

ತಾಯಿಯ ಸಿಟ್ಟು ನೆತ್ತಿಗೇರಿತು. "ಅದ್ಯಾವ ಸ್ಟುಡಿಯೋನೇ ಅದು? ಅವನ ಕ್ಯಾಮೆರಾ ಕಿತ್ಕೊಂಡ್ ಬರ್ತೀನಿ!"

ಮಗಳು ನನ್ನ ಕಡೆ ನೋಡಿ ತುಟಿ ಕಚ್ಚಿ ನಕ್ಕಳು. "ನೆನಪಿಲ್ಲಮ್ಮ. ಅವತ್ತು ಅಪ್ಪನ್ ಜೊತೆ ಹೋಗಿದ್ದೆ."

ಆ ನಗುವನ್ನೇ ಕ್ಲಿಕ್ಕಿಸಿದೆ. ಸಂಜೆ ಪ್ರಿಂಟ್ ಹಾಕಿ ನೋಡಿದರೆ ಮೂಗಿನ ಕೆಳಗೆ ಒಂದು ಗೆರೆಯೂ ಇಲ್ಲ. ತಾಯಿ ಎರಡು ಪ್ರತಿ ಹೆಚ್ಚಿಗೆ ಕೇಳಿ ಪಡೆದರು.

ಇನ್ನು ಮುಚ್ಚಿಡಲಾರೆ ಕಣ್ರಯ್ಯಾ. ಆ ಮೀಸೆ ಬರಿಸಿದವನು ನಾನೇ.