ತಾಂಡೂರಿನಲ್ಲಿದ್ದ ರಕ್ತ

ಇವತ್ತು ಬೆಳಿಗ್ಗೆ ರಕ್ತ ಪರೀಕ್ಷೆಗೆಂದು ತೋಳು ಚಾಚಿ ಕೂತಾಗ ಹತ್ತಿಯ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯಿತು, ಸುವರ್ಣಾ ನೆನಪಾದಳು. ಕಿವಿ ನಿಮಿರಿಸಬೇಡಿ, ಇದು ಪ್ರೇಮಕಥೆಯಲ್ಲ, ಕಂಪ್ಯೂಟರಿನ ಕಥೆ.

ಆಗ ನಾನು ಜಹೀರಾಬಾದಿನ ಒಂದು ಆಸ್ಪತ್ರೆಗೆ ಪ್ರೋಗ್ರಾಂ ಬರೆಯುತ್ತಿದ್ದೆ. ಅದೇ ಮಾಲೀಕರ ಇನ್ನೊಂದು ಆಸ್ಪತ್ರೆ ನಾರಾಯಣಖೇಡದಲ್ಲಿತ್ತು. ಎರಡೂ ಕಡೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ನನ್ನದೇ ಪ್ರೋಗ್ರಾಂ. ಇಲ್ಲಿನದು ಏನಾದರೂ ಕೇಳಿದರೆ ಅಲ್ಲಿನದು ಕಣ್ಣು ಮಿಟುಕಿಸುವುದರೊಳಗೆ ಉತ್ತರಿಸುತ್ತಿತ್ತು. ಆ ವೇಗದ ಮೇಲೆ ನನಗೆಷ್ಟು ಮೋಹವೆಂದರೆ, ಮದುವೆಯೂಟದಲ್ಲಿ ಪಕ್ಕದ ಎಲೆಯವರಿಗೂ ವಿವರಿಸುತ್ತಿದ್ದೆ. ಪಾಪ, ಅವರು ಮಜ್ಜಿಗೆಗೂ ಕಾಯದೆ ಏಳುತ್ತಿದ್ದರು.

ಆಮೇಲೆ ಮಾಲೀಕರು ತಾಂಡೂರಿನ ರಕ್ತನಿಧಿಯನ್ನೂ ಕೊಂಡರು. ಅಲ್ಲಿನ ಪ್ರೋಗ್ರಾಂ ಬೇರೆ ಕಂಪ್ಯೂಟರ್ ಭಾಷೆಯದು, ಬರೆದವಳು ಸುವರ್ಣಾ. ನನ್ನ ಪ್ರೋಗ್ರಾಂ ಜಾವಾದಲ್ಲಿ ಕೇಳಿದರೆ ಅದಕ್ಕೆ ತಿಳಿಯುತ್ತಿರಲಿಲ್ಲ.

“ವೆಬ್ ಸರ್ವಿಸ್ ಮಾಡಮ್ರಿ,” ಅಂದಳು. “ಸವಾಲ್-ಜವಾಬ್ ಎರಡೂ ಸಾದಾ ಅಕ್ಷರದಾಗ ಹೋಗ್ತಾವ. ಯಾವ ಭಾಷಾದ ಪ್ರೋಗ್ರಾಂ ಇದ್ರೂ ಓದ್ಕೋತದ.”

“ನಾಲ್ಕು ಅಂಕಿ ಕಳಸಾಕ ಪುಟಗಟ್ಲೆ ಬರೀಬೇಕು. ಭಾಳ ಸಾವಕಾಶ ಆಗ್ತದ. ನೀವೇ ಜಾವಾದಾಗ ತಿರುಗಿ ಬರೀರಿ,” ಅಂದೆ.

ಅವಳು ಬರೆಯಲಿಲ್ಲ, ನಾನು ಬಗ್ಗಲಿಲ್ಲ.

ಒಂದು ಮಧ್ಯಾಹ್ನ ನಾರಾಯಣಖೇಡದಲ್ಲಿದ್ದೆ. ನಾಗಲಗಿದ್ದ ಊರ ಕಡೆಯ ಮಹಾದೇವಿ ಎಂಬ ತುಂಬು ಬಸುರಿಗೆ ಸಂಜೆ ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಆಕೆಯದು ಅಪರೂಪದ ಗುಂಪು. ರಕ್ತ ಕೈಯಲ್ಲಿಲ್ಲದೆ ಡಾಕ್ಟರು ಮುಂದುವರಿಯಲು ಒಲ್ಲರು. ನನ್ನ ಪ್ರೋಗ್ರಾಂ ಕೇಳಿದ ಕ್ಷಣವೇ ಎರಡೂ ಆಸ್ಪತ್ರೆ ನೋಡಿ ‘ಇಲ್ಲ’ ಅಂದಿತು. ಹೊರಗೆ ಆಕೆಯ ಗಂಡ ಬೀದರಿಗೆ ಒಯ್ಯಲು ಜೀಪು ಹುಡುಕುತ್ತಿದ್ದ. ಅವನ ಮುಖ ನೋಡಲಾಗದೆ ಸುವರ್ಣಾಗೆ ಫೋನ್ ಮಾಡಿದೆ.

“ನಮ್ಮಲ್ಲಿ ಅದರಿ. ಈಗೇ ಗಾಡಿ ಕಳಸ್ತೀನಿ,” ಅಂದಳು. ಫೋನಿಡುವ ಮುನ್ನ ಮೆಲ್ಲಗೆ ಸೇರಿಸಿದಳು: “ಇಲ್ಲ ಅಂತ ಲಗೂನೆ ಹೇಳಿದ್ರ ಏನ್ ಬಂತ್ರಿ?”

ಸಂಜೆ ಹೆಣ್ಣು ಮಗು ಹುಟ್ಟಿತು, ತಾಯಿಯೂ ಸುಖವಾಗಿದ್ದಳು. ಗಂಡ ನನ್ನ ಕೈ ಹಿಡಿದು, “ನಿಮ್ಮ ಕಂಪ್ಯೂಟರ್ ಛಲೋ ಅದರಿ,” ಅಂದ. ಅವನಿಗೆ ಚಹಾ ತರಿಸಿಕೊಟ್ಟೆ.

ಮರುದಿನ ತಾಂಡೂರಿನ ಬಸ್ಸು ಹತ್ತಿದೆ. ಇಬ್ಬರೂ ಕೂತು ವೆಬ್ ಸರ್ವಿಸ್ ಬರೆದೆವು. ನಮ್ಮೆರಡು ಆಸ್ಪತ್ರೆಗಳ ನಡುವೆ ಓಡಾಡುವ ದೊಡ್ಡ ಎಕ್ಸ್-ರೇ ಚಿತ್ರಗಳಿಗೆ ಮಾತ್ರ ಜಾವಾದ ನೇರ ದಾರಿಯೇ ಇರಲೆಂದು ಸುವರ್ಣಾಳೇ ಹೇಳಿದಳು. ರಕ್ತದ ಪ್ರಶ್ನೆಗೆ ಉತ್ತರ ತುಸು ತಡವಾಗಿ ಬರತೊಡಗಿತು, ಆದರೆ ಮೂರೂ ಊರುಗಳಿಂದ ಬಂತು.

ಈಗ ಬೀದರಿನ ಒಂದು ಪ್ರಯೋಗಾಲಯ ನಮ್ಮೊಂದಿಗೆ ಸೇರುತ್ತಿದೆ. ಇವತ್ತು ಮಧ್ಯಾಹ್ನ ಅವರ ಎಂಜಿನಿಯರ್ ಫೋನಿನಲ್ಲಿ ಅಳುಕುತ್ತಲೇ, “ನಮ್ದು ಜಾವಾ ಅಲ್ರಿ,” ಅಂದ.

“ಇರ್ಲಿ ಬಿಡ್ರಿ,” ಅಂದೆ. ಅವರದು ಯಾವ ಭಾಷೆಯೆಂದು ಕೇಳುವುದನ್ನೇ ಮರೆತೆ.