ಕೋಳಿಗೆ ಹೋದ ಮರಿಮೀನು

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಮೀನು ಅಂದರೇ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅಂಥ ಮನೆಯ ಮಗಳು ನಾನು, ತೊಂಬತ್ತರ ದಶಕದ ಕೊನೆಯಲ್ಲಿ ಕರಾವಳಿಗೆ ಹೋಗಿ ಮೀನಿನ ಹೊಟ್ಟೆ ಸೀಳುವ ಸಂಶೋಧನೆಗೆ ಸೇರಿದೆ. ರಜಕ್ಕೆ ಬಂದರೆ ಹಿತ್ತಲಲ್ಲೇ ತಲೆಗೆ ನೀರು, ಆಮೇಲೆ ಒಳಗೆ. ನಿಜ ಹೇಳ್ತೀನಿ, ಮೀನಿನ ಕರುಳು ನನಗೆ ಒಂದು ದಿನವೂ ಹೇಸಿಗೆ ಅನ್ನಿಸಲಿಲ್ಲ. ಹೇಸಿಗೆ ಏನು ಅಂತ ಗೊತ್ತಾಗಿದ್ದು ಆಮೇಲೆ.

ಯಾವ ಮೀನು ಯಾವುದನ್ನು ತಿನ್ನುತ್ತೆ, ಯಾವ ಬಲೆ ಎಷ್ಟು ಹಿಡಿಯುತ್ತೆ, ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ ಸಮುದ್ರದ ಒಂದು ಮಾದರಿ ಮಾಡುವುದು ನಮ್ಮ ಕೆಲಸ. ಯಾವ ಬಲೆ ನಿಲ್ಲಿಸಿದರೆ ಯಾವ ಮೀನು ಉಳಿಯುತ್ತೆ ಅಂತ ಅದು ಹೇಳುತ್ತೆ, ಸರ್ಕಾರ ಅದನ್ನು ನೋಡಿ ನಿಯಮ ಮಾಡುತ್ತೆ. ಮರಿಮೀನು ಹಿಡಿದು ಸಮುದ್ರ ಬರಿದು ಮಾಡುತ್ತಿರುವವರು ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವರು ಅಂದಿತು ನಮ್ಮ ಮಾದರಿ. ಆ ಬಲೆಯವರಲ್ಲಿ ಒಬ್ಬ ಅಜ್ಜ ಎರಡು ವರ್ಷ ನನಗಾಗಿ ಮೀನು ಆರಿಸಿ ತೆಗೆದಿಟ್ಟಿದ್ದರು. ಅವರ ಬಲೆಯ ಮರಿಗಳನ್ನು ನಾನೇ ಎಣಿಸಿದ್ದೆ, ಬೊಗಸೆ ತುಂಬುತ್ತಿರಲಿಲ್ಲ. ಆದರೆ ಬಂದರಿನ ಲೆಕ್ಕದ ಪುಸ್ತಕದಲ್ಲಿ ದೊಡ್ಡ ಬೋಟಿನವರ ಸಾಲಿನಲ್ಲಿ ಮರಿಮೀನು ಸೊನ್ನೆ. ಮಾದರಿ ಏನು ಮಾಡೀತು ಪಾಪ, ಹಾಕಿದ್ದನ್ನು ಅರೆದು ಕೊಡುತ್ತೆ.

ವರದಿ ಬರೆಯುವ ಮುಂಚೆ ಅರಕಲಗೂಡಿನ ಅಕ್ಕನ ಮನೆಗೆ ಹೋದೆ. ಮಟಮಟ ಮಧ್ಯಾಹ್ನ ಕಿಟಕಿಗಳೆಲ್ಲ ಮುಚ್ಚಿದ್ದವು. ಹಿಂದಿನ ಬೀದಿಯಲ್ಲಿ ಹೊಸದಾಗಿ ಕೋಳಿ ಮೇವಿನ ಗೋಡೌನ್ ಬಂದಿದೆಯಂತೆ, ಗಬ್ಬು. "ನೀನಾದ್ರೂ ಹೋಗಿ ಕೇಳು, ನಿಂಗೆ ಅಭ್ಯಾಸ ಇದೆ" ಅಂದಳು ಅಕ್ಕ. ಜಗಳಕ್ಕೆ ಅಂತಲೇ ಹೋದೆ.

ಬಾಗಿಲಲ್ಲೇ ಕಾಲು ನಿಂತುಬಿಟ್ಟಿತು. ಸೂರಿನವರೆಗೆ ಒಣಮೀನು. ಬೂತಾಯಿ, ಬಂಗುಡೆ, ಎಲ್ಲ ನನ್ನ ಕಿರುಬೆರಳುದ್ದ. ಒಂದು ಸಲವೂ ಮೊಟ್ಟೆ ಇಡದ ಕೂಸುಗಳು.

"ಘಟ್ಟದ ಕೆಳಗಿಂದ ಬತ್ತದೆ ಕಣಕ್ಕಾ, ಲಾರಿ ಲಾರಿ" ಅಂದ ಮೂಟೆ ಹೊಲಿಯುತ್ತಿದ್ದ ಆಳು. "ದೊಡ್ ಬೋಟ್ನೋರು ಬೆಳಗಾಗೋಕ್ ಮುಂಚೆ ಬಂದ್ರು ಬಿಟ್ಟು ಬ್ಯಾರೆ ಕಡೆ ಇಳಿಸ್ಬುಡ್ತಾರೆ, ಅಲ್ಲೇ ಒಣಗ್ಸದು. ಪುಡಿ ಮಾಡಿ ಚನ್ನರಾಯಪಟ್ಟಣದ ಫಾರಂಗೆ ಕಳಿಸ್ತೀವಿ. ಕೋಳಿ ಎಂಗೆ ತಿಂತವೆ ಅಂತೀರಾ!"

ಥೂ! ನಾವು ಬಂದರಿನಲ್ಲಿ ತಕ್ಕಡಿ ಹಿಡಿದು ಕೂರುವ ಮುಂಚೆಯೇ ಮರಿಮೀನು ಬೇರೆ ಕಡೆ ಇಳಿದು ಹೋಗಿರುತ್ತಿತ್ತು.

ಒಂದು ಚೀಲ ತುಂಬಿಸಿಕೊಂಡು ಹಾಸನದಲ್ಲಿ ಬಸ್ಸು ಹತ್ತಿದೆ. ಪಕ್ಕದ ಹೆಂಗಸು ಎದ್ದು ಹೋದಳು. ಕಂಡಕ್ಟರ್ "ಏನಮ್ಮಾ ಸತ್ತಿದೆ ಅದರಲ್ಲಿ?" ಅಂತ ನನ್ನನ್ನು ಹಿಂದಿನ ಸೀಟಿಗೆ ಅಟ್ಟಿದ. ಘಟ್ಟದುದ್ದಕ್ಕೂ ಬೈಸಿಕೊಂಡೆ, ಆದರೂ ಒಳಗೊಳಗೇ ಖುಷಿ. ಇನ್ನು ಅಜ್ಜನ ಬಲೆ ಉಳಿಯಿತು ಅಂದುಕೊಂಡಿದ್ದೆ.

ನನ್ನ ಮಾರ್ಗದರ್ಶಕರು ಮೇಜಿನ ಮೇಲಿನ ಚೀಲವನ್ನು ಪೆನ್ನಿನ ತುದಿಯಿಂದ ಸರಿಸಿದರು.

"ಅರಕಲಗೂಡಿಗೆ ಸಮುದ್ರ ಯಾವಾಗ ಬಂತಮ್ಮಾ?" ನಕ್ಕರು. "ನೋಡು, ಬಂದರಿನ ಪುಸ್ತಕದಲ್ಲಿ ಇಲ್ಲದ್ದು ಮಾದರಿಯಲ್ಲೂ ಇಲ್ಲ. ಈಗ ಹೊಸದಾಗಿ ಶುರು ಮಾಡಿದರೆ ನಿನ್ನ ಪ್ರಬಂಧ ಇನ್ನೆರಡು ವರ್ಷ. ಆಗಬಹುದಾ?"

ನಾನು ಚೀಲ ಎತ್ತಿಕೊಂಡು ಹೋಗಿ ಕಸದ ತೊಟ್ಟಿಗೆ ಹಾಕಿದೆ. ಅವರ ಮೇಲೆ ಅಸಹ್ಯವಾಯಿತು ಅಂತ ಬಹಳ ವರ್ಷ ಹೇಳಿಕೊಂಡು ತಿರುಗಿದೆ.

ವರದಿಯನ್ನು ಬಲೆಯವರಿಗೆ ಓದಿ ಹೇಳುವ ಸಭೆಯಲ್ಲಿ ಪ್ರೊಜೆಕ್ಟರಿಗೆ ಹಾಳೆ ಇಡುವ ಕೆಲಸ ನನ್ನದು. ಕೈರಂಪಣಿ ನಿಲ್ಲಿಸಬೇಕು ಅನ್ನುವ ಸಾಲು ಪರದೆ ಮೇಲೆ ಬಂದಾಗ ಅಜ್ಜ ಎದ್ದು ನಿಂತರು. ಅಧಿಕಾರಿಗಳ ಕಡೆ ನೋಡಲೇ ಇಲ್ಲ.

"ನಮ್ಮ ಬಲೆಯ ಮರಿ ಎಣಿಸಿದ್ದು ನೀನೇ ಅಲ್ವಾ ಮಗಾ? ಎಷ್ಟಿತ್ತು, ಹೇಳು."

ಸಭೆಯೆಲ್ಲ ನನ್ನ ಕಡೆ ತಿರುಗಿತು. ನಾನು ತಲೆ ಎತ್ತದೆ ಮುಂದಿನ ಹಾಳೆ ಇಟ್ಟೆ.